ಬರೀ ಡಬ್ಬಿ ಹೆಂಗ ಕೊಡೂದು?

ನಮ್ಮ ಸಭೆಯ ಸ್ವಾಗತ ಸಮಿತಿಗೆ ನಾನೇ ಅಧ್ಯಕ್ಷ, ನಾನೇ ಕಾರ್ಯದರ್ಶಿ, ನಾನೇ ಏಕೈಕ ಸದಸ್ಯ. ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹತ್ತಿರ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಖೋಲಿ ಹಿಡಿದು ಭಾನುವಾರದ ಆರಾಧನೆ ಶುರು ಮಾಡಿದಾಗ ನಮ್ಮ ಪಾಸ್ಟರು ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದರು. ನನಗೆ ಅಡುಗೆ ಬಾರದು, ತಬಲಾ ಬಾರದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು, ಮೈಕು ಕೈಗೆ ಸಿಕ್ಕರೆ ಬಿಡುವವನಲ್ಲ. ಅಂಥವನನ್ನು ಬಾಗಿಲಲ್ಲಿ ನಿಲ್ಲಿಸುವುದೇ ಕ್ಷೇಮ ಎಂದು ಅವರಿಗೆ ಅನ್ನಿಸಿರಬೇಕು.

ಖೋಲಿಗೆ ಬರುತ್ತಿದ್ದವರು ಹನ್ನೊಂದೋ ಹನ್ನೆರಡೋ ಜನ. ಕಿತ್ತೂರಿನದೊಂದು ಮನೆ, ಸವದತ್ತಿಯದೊಂದು ಮನೆ, ರಾಮದುರ್ಗದ ಕಡೆಯ ಸುರೇಬಾನದಿಂದ ಗಂಡ ಹೆಂಡತಿ. ಹೆಚ್ಚಿನವರು ಬಸ್ಸಿನಲ್ಲಿ ಬರುವವರಾದ್ದರಿಂದ ಆರಾಧನೆ ಮುಗಿದ ಮೇಲೆ ಬುತ್ತಿ ಬಿಚ್ಚಿ ಕೂಡಿ ಉಣ್ಣುವುದು ರೂಢಿಯಾಗಿತ್ತು. ಅದಕ್ಕೂ ಮೊದಲು ನಾವೆಲ್ಲ ದೊಡ್ಡ ಊರಿನ ಚರ್ಚಿಗೆ ಹೋಗುತ್ತಿದ್ದೆವು. ಅಲ್ಲಿನ ಮೇಲ್ವಿಚಾರಕರು ಒಂದು ಷರತ್ತಿನ ಮೇಲೆ ನಮಗೆ ಬೇರೆ ಸಭೆ ನಡೆಸಲು ಒಪ್ಪಿದ್ದರು. "ಒಂದು ವರ್ಷ ನೋಡುತ್ತೇನೆ. ಹೊಸಬರು ಬರಬೇಕು, ಬಂದವರು ನಿಲ್ಲಬೇಕು. ಇಲ್ಲವಾದರೆ ಖೋಲಿ ಬಿಟ್ಟು ಎಲ್ಲರೂ ಮೊದಲಿನಂತೆ ಇಲ್ಲಿಗೇ ಬನ್ನಿ" ಎಂದಿದ್ದರು.

ನಮಗೇನು, ಬಸ್ಸು ಹತ್ತಿದರಾಯಿತು. ಹತ್ತಲಾಗದವಳು ಆಯಿ ಒಬ್ಬಳೇ. ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆಯಲ್ಲಿ ಮೊಮ್ಮಗಳ ಸಂಸಾರದೊಂದಿಗೆ ಇರುವ ಮುದುಕಿ. ಊರವರೆಲ್ಲ ಅವಳನ್ನು ಆಯಿ ಎಂದೇ ಕರೆಯುವುದು. ಮೊಣಕಾಲು ಮಡಚಲು ಬಾರದೆ ಆಕೆ ದೊಡ್ಡ ಚರ್ಚಿನ ಮುಖ ನೋಡಿ ಆರು ವರ್ಷವಾಗಿತ್ತು. ನಮ್ಮ ಖೋಲಿಯ ಹನ್ನೊಂದು ಮೆಟ್ಟಿಲನ್ನು ನಾಲ್ಕು ಕಡೆ ನಿಂತು ದಣಿವಾರಿಸಿಕೊಂಡು ಏರುತ್ತಿದ್ದಳು. "ಈ ಖೋಲಿ ಮುಚ್ಚಿದ್ರ ನನಗ ದೇವರ ಗುಡೀನ ಮುಚ್ಚಿಧಂಗ ನೋಡೊ ಮಾಸ್ತರ" ಎಂದು ಮೊದಲನೇ ಭಾನುವಾರವೇ ನನಗೆ ಹೇಳಿದ್ದಳು. ಆ ಮಾತನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಂಡೆ. ಎಷ್ಟು ಗಂಭೀರವಾಗಿ ಎಂದರೆ, ಒಂದು ಡಜನ್ ಶಾಲು ತಂದಿಟ್ಟೆ.

ನನ್ನ ಹೆಂಡತಿ ಮಾತ್ರ ಬರುತ್ತಿರಲಿಲ್ಲ. ಮೂರು ವರ್ಷದ ಹಿಂದೆ ದೊಡ್ಡ ಚರ್ಚಿನಲ್ಲಿ ಕ್ರಿಸ್ಮಸ್ ಹಾಡಿನ ತಾಲೀಮು ನಡೆದಿತ್ತು. ಇವಳ ದನಿಗೂ ರಾಗಕ್ಕೂ ಯಾವತ್ತೂ ಮಾತುಕತೆ ಇಲ್ಲ. ಹಾಡು ಕಲಿಸುವವರು ನಡುವೆ ನಿಲ್ಲಿಸಿ, "ಅಕ್ಕಾರ, ನೀವು ಹಾಡಬ್ಯಾಡ್ರಿ, ಬಾಯಿ ಅಷ್ಟ ಆಡಸ್ರಿ" ಎಂದರು. ಕೋಣೆಯೆಲ್ಲ ನಕ್ಕಿತು. ಅವತ್ತಿನಿಂದ ಇವಳು ಚರ್ಚಿನ ಹೊಸ್ತಿಲು ತುಳಿಯಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಮಾತ್ರ ಕೀರ್ತನೆಗಳನ್ನು ಗಂಟಲು ಬಿಚ್ಚಿ ಹಾಡುತ್ತಿದ್ದಳು. ಹೆಣ್ಣುಮಕ್ಕಳ ಸಿಟ್ಟು, ತಾನಾಗಿ ಇಳಿಯುತ್ತದೆ ಎಂದುಕೊಂಡು ನಾನು ಶಾಲುಗಳ ಕಡೆ ಗಮನ ಕೊಟ್ಟೆ.

ನನ್ನ ಸ್ವಾಗತದ ವೈಭವವನ್ನು ಸ್ವಲ್ಪ ಹೇಳಲೇಬೇಕು. ಹೊಸಬರು ಬಾಗಿಲಿಗೆ ಬಂದ ಕೂಡಲೇ ಗುಲಾಬಿ ಹೂವು. ಮುಂದಿನ ಸಾಲಿನಲ್ಲಿ ಬಿಳಿ ಟವೆಲ್ ಹಾಸಿದ ಕುರ್ಚಿ. ಮೊದಲ ಹಾಡು ಮುಗಿದ ಮೇಲೆ ಎದ್ದು ನಿಲ್ಲಿಸಿ ಶಾಲು. ಆಮೇಲೆ ಮೈಕಿನಲ್ಲಿ ನನ್ನ ವಿಚಾರಣೆ: ಯಾವ ಊರು, ಯಾರ ಪೈಕಿ, ಎಷ್ಟು ಮಕ್ಕಳು, ಮಕ್ಕಳೇನು ಓದುತ್ತಾರೆ, ಮದುವೆಯಾಗಿಲ್ಲವೇ, ಯಾಕಾಗಿಲ್ಲ. ಕಿತ್ತೂರಿಗೆ ವರ್ಗವಾಗಿ ಬಂದ ಬ್ಯಾಂಕಿನ ಕ್ಲಾರ್ಕ್ ಒಬ್ಬ ಬಂದ. ಇಪ್ಪತ್ತಾರು ವಯಸ್ಸಿನ ಹುಡುಗ ಯಾಕಿನ್ನೂ ಮದುವೆಯಾಗಿಲ್ಲ ಎಂಬುದನ್ನು ಹನ್ನೆರಡು ಜನರ ಮುಂದೆ ಹೇಳಲಾಗದೆ ಬೆವತುಹೋದ. ಸವದತ್ತಿಯ ಆಸ್ಪತ್ರೆಗೆ ಬಂದ ನರ್ಸ್ ಬಂದಳು. ಅವಳಿಗೆ ಶಾಲು ಹೊದಿಸಿ ಗಂಡ ಎಲ್ಲಿದ್ದಾರೆ ಎಂದು ಕೇಳಿದೆ. ಅವಳು ಮೈಕನ್ನೇ ನೋಡುತ್ತ ನಿಂತಳು.

ಇಬ್ಬರೂ ಮತ್ತೆ ಬರಲಿಲ್ಲ. ಒಂದು ದಿನ ಕಿತ್ತೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ಆ ಕ್ಲಾರ್ಕ್ ಕಂಡ. ನಾನು ಕೈ ಎತ್ತುವಷ್ಟರಲ್ಲಿ ಪಕ್ಕದ ಸಲೂನಿಗೆ ನುಗ್ಗಿ ಕುರ್ಚಿಯಲ್ಲಿ ಕೂತುಬಿಟ್ಟ. ಹಿಂದಿನ ದಿನವಷ್ಟೇ ಕಟಿಂಗ್ ಆದ ತಲೆ. ನನಗೆ ಹೆದರಿ ಅವನು ಇನ್ನೊಂದು ಸಲ ಕತ್ತರಿಗೆ ತಲೆ ಕೊಟ್ಟದ್ದನ್ನು ಹೊರಗೆ ನಿಂತು ಪೂರ್ತಿ ನೋಡಿದೆ.

ಅದನ್ನು ಆಯಿಗೆ ಹೇಳಿದಾಗ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆಮೇಲೆ ಬೈದಳು. "ಮಾಸ್ತರ, ನೀ ಬಂದವ್ರನ್ನ ಬೀಗರನ್ನ ಮಾಡಾಕತ್ತಿ. ಬೀಗರು ಮರ್ಯಾದಿ ಮಾಡಿಸಿಕೊಂಡು, ಉಂಡು, ಕೈ ತೊಳಕೊಂಡು ತಮ್ಮ ಊರಿಗೆ ಹೊಕ್ಕಾರ. ಮನೀ ಮಂದಿ ಆದ್ರ ಉಳೀತಾರ."

"ಹಂಗಾರ ಮನೀ ಮಂದಿ ಹೆಂಗ ಮಾಡೂದು, ನೀನ ಹೇಳು ಆಯಿ."

"ಅದು ಮೈಕಿನ್ಯಾಗ ಹೇಳೂದಲ್ಲ. ಬರೂ ಐತಾರ ನೀ ಶಾಲು ತರಬ್ಯಾಡ."

ಮುಂದಿನ ಭಾನುವಾರ ಬಂದವನು ಒಬ್ಬ ಲೈನ್‌ಮನ್. ಕರೆಂಟಿನ ಕಂಬಕ್ಕೆ ಹೆದರದವನು ನಮ್ಮ ಬಾಗಿಲಲ್ಲಿ ಹೆದರಿ ನಿಂತಿದ್ದ. ನನ್ನ ಕೈಗಳು ಶಾಲಿಗಾಗಿ ತುರಿಸುತ್ತಿದ್ದವು. ಆಯಿ ಮಾತ್ರ ಅವನನ್ನು ತಾನು ಕಾಲು ಚಾಚಿ ಕೂತಿದ್ದ ಚಾಪೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಊಟವಾದ ಮೇಲೆ ಉಳಿದ ಬದನೆ ಎಣಗಾಯಿಯನ್ನು ಸ್ಟೀಲಿನ ಡಬ್ಬಿಗೆ ತುಂಬಿ ಅವನ ಕೈಗಿಟ್ಟಳು. "ಸಂಜೀಕ ರೊಟ್ಟಿಗೆ ಆಕ್ಕತಿ, ತಗೊಂಡ ಹೋಗೊ ತಮ್ಮಾ. ಡಬ್ಬಿ ಮಾತ್ರ ಬರೂ ಐತಾರ ತಂದ ಕೊಡು. ಅದು ಮಂದೀದು."

ಇಷ್ಟೇ ಅವಳ ಸ್ವಾಗತ. ನನಗೆ ನಗು ಬಂತು.

ಆದರೆ ಮುಂದಿನ ಭಾನುವಾರ ಲೈನ್‌ಮನ್ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ಕೂತಿದ್ದ. ಡಬ್ಬಿಯಲ್ಲಿ ಅವನ ತಾಯಿ ಕುಟ್ಟಿದ ಶೇಂಗಾ ಚಟ್ನಿ. ಇದೆಲ್ಲ ಯಾಕೆ ಎಂದರೆ, "ಬರೀ ಡಬ್ಬಿ ಹೆಂಗ ಕೊಡೂದ್ರಿ?" ಎಂದ. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಆ ಚಟ್ನಿಯನ್ನು ಅವತ್ತು ಎಲ್ಲರೂ ಉಂಡೆವು. ಖಾಲಿಯಾದ ಡಬ್ಬಿಗೆ ಆಯಿ ಸುರೇಬಾನದವರು ತಂದ ಜುಣಕದ ವಡೆ ತುಂಬಿ ಸವದತ್ತಿಯ ಮನೆಯವರ ಕೈಲಿ ನರ್ಸಿಗೆ ಕಳಿಸಿದಳು. ಇನ್ನೊಂದು ಡಬ್ಬಿ ಕಿತ್ತೂರಿನ ಕ್ಲಾರ್ಕಿಗೆ ಹೋಯಿತು.

ಎರಡು ವಾರದಲ್ಲಿ ಇಬ್ಬರೂ ಬಂದರು, ಕೊಡಬೇಕಲ್ಲ. ಕ್ಲಾರ್ಕ್ ಅಂಗಡಿಯಿಂದ ಕೊಂಡ ಉಂಡಿಗಳನ್ನು ತುಂಬಿದ ಡಬ್ಬಿಯನ್ನು ಎದೆಗೆ ಅಡ್ಡ ಹಿಡಿದು ನನ್ನ ಕೈಗಳನ್ನೇ ನೋಡುತ್ತ ಒಳಗೆ ಬಂದ. "ಶಾಲು ಇಲ್ಲರೀ, ಬರ್ರಿ" ಎಂದೆ. ಮೂರನೇ ವಾರಕ್ಕೆ ಅವನು ಚಾಪೆ ಹಾಸತೊಡಗಿದ. ಅವನ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ, ಒಂದು ದಿನ ಅವನೇ ಆಯಿಯ ಹತ್ತಿರ ಎತ್ತಿದ.

ಎಂಟು ತಿಂಗಳಲ್ಲಿ ಖೋಲಿ ತುಂಬಿತು. ಏಳು ಡಬ್ಬಿಗಳು ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಾಲ್ಕೂ ದಿಕ್ಕಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದವು. ಒಂದರಲ್ಲಿ ಗುರೆಳ್ಳು ಚಟ್ನಿ, ಇನ್ನೊಂದರಲ್ಲಿ ಮಾದಲಿ. ಯಾರಾದರೂ ಒಂದು ವಾರ ತಪ್ಪಿಸಿದರೆ ಅವರ ಹತ್ತಿರವಿರುವ ಡಬ್ಬಿಯ ನೆಪದಲ್ಲಿ ಇನ್ನೊಬ್ಬರು ಹೋಗಿ ನೋಡಿಬರುತ್ತಿದ್ದರು. ಹೊಟ್ಟೆಕಿಚ್ಚಾಯಿತೇ ಎಂದರೆ ಆಯಿತು, ಸುಳ್ಳೇಕೆ ಹೇಳಲಿ. ಮೇಲ್ವಿಚಾರಕರು ಬರುವ ದಿನ ಹತ್ತಿರವಾಗುತ್ತಿತ್ತು. ಅವತ್ತಾದರೂ ಮೈಕು ಹಿಡಿಯಬೇಕೆಂದು 'ಸಭೆಯ ಉದ್ದೇಶ' ಎಂಬ ತಲೆಬರಹದಲ್ಲಿ ಐದು ಪುಟದ ಭಾಷಣ ಬರೆದು ಜೇಬಿನಲ್ಲಿಟ್ಟುಕೊಂಡೆ.

ಅದೇ ವಾರ ಮನೆಯಲ್ಲಿ ನನ್ನ ಹೆಂಡತಿ ಕಪಾಟಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ನನ್ನ ಡಬ್ಬಿ ಎಲ್ಲಿ ಹೋದುವ್ರಿ?"

ಅವು ತವರಿನವರು ತಳದಲ್ಲಿ ಅವಳ ಹೆಸರು ಕೊರೆಸಿ ಕೊಟ್ಟ ಡಬ್ಬಿಗಳು. ಆಯಿ ಒಂದು ಸಲ ಸಕ್ಕರೆಗೆಂದು, ಒಂದು ಸಲ ಚಾಪುಡಿಗೆಂದು, ಒಂದು ಸಲ ಮೊಮ್ಮಗಳಿಗೆ ಜ್ವರ, ಗಂಜಿಗೆಂದು ಹಿತ್ತಲ ಗೋಡೆಯ ಮೇಲಿಂದ ಕೈ ಚಾಚಿ ಇಸಿದುಕೊಂಡಿದ್ದಳಂತೆ. ಏಳು. ನನಗೆ ಆಗ ಬೆಳಕಾಯಿತು. ಮಂದೀದು, ಮಂದೀದು ಎಂದು ಮುದುಕಿ ಹೇಳುತ್ತಿದ್ದ ಆ ಮಂದಿ ನಾವೇ! ಎಂಟು ತಿಂಗಳು ನನ್ನ ಮನೆಯ ಡಬ್ಬಿಯಲ್ಲೇ ಉಂಡಿದ್ದೆ, ಒಮ್ಮೆಯೂ ತಳ ತಿರುಗಿಸಿ ನೋಡಿರಲಿಲ್ಲ.

"ಅವು ಖೋಲ್ಯಾಗ ಅದಾವ" ಎಂದೆ.

ಆ ಭಾನುವಾರ ನಾವು ಊಟಕ್ಕೆ ಕೂತಿದ್ದಾಗ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸಪ್ಪಳ ಕೇಳಿತು. ಮನೆಯಲ್ಲಿ ಉಡುವ ಸೀರೆ, ಕೈಯಲ್ಲಿ ಸಂತೆಯ ಚೀಲ. ರೂಢಿಬಲದಿಂದ ನಾನು ಮೈಕಿಗೆ ಕೈ ಹಾಕಿದೆ. ಅವಳು ನೋಡಿದ ನೋಟಕ್ಕೆ ಅಲ್ಲೇ ಇಟ್ಟುಬಿಟ್ಟೆ. ಆಯಿ ಕೂತಲ್ಲಿಂದಲೇ, "ಬಾ ಯವ್ವಾ, ನಿನ್ನ ಹಾದೀನ ನೋಡಾಕತ್ತಿದ್ದೆ" ಎಂದಳು, ಯಾವ ತಪ್ಪನ್ನೂ ಮಾಡದವಳಂತೆ.

ಅವಳು ಒಂದೊಂದೇ ಡಬ್ಬಿ ಎತ್ತಿ ತಳ ನೋಡಿದಳು. ಅವತ್ತು ಏಳೂ ಖೋಲಿಗೆ ಬಂದಿದ್ದವು, ಎಲ್ಲವೂ ತುಂಬಿದ್ದವು. ನರ್ಸ್ ಎದ್ದು ಹತ್ತಿರ ಬಂದಳು. "ಇವು ನಿಮ್ಮವೇನ್ರಿ ಬಾಯಾರ? ಎಷ್ಟ ತಿಂಗಳಿಂದ ಡಬ್ಬಿ ತೊಳಿಯುವಾಗ ನಿಮ್ಮ ಹೆಸರು ಓದಾಕತ್ತೇನ್ರಿ. ಯಾರಿರಬೇಕು ಅಂತಿದ್ದೆ. ಇವತ್ತ ಮಾರಿ ನೋಡಿದೆ."

ಹೆಂಡತಿ ಏಳೂ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಇಳಿದುಹೋದಳು. ಸ್ವಾಗತ ಸಮಿತಿಯ ಅಧ್ಯಕ್ಷನ ಹೆಂಡತಿಯೇ ಸಭೆಯ ಆಧಾರವನ್ನು ಚೀಲದಲ್ಲಿ ಹೊತ್ತೊಯ್ದಳು ಎಂದು ನನಗೆ ಎದೆ ಕುಸಿಯಿತು. ಮುಂದಿನ ವಾರವೇ ಮೇಲ್ವಿಚಾರಕರು ಬರುವವರಿದ್ದರು. ಆಯಿ ಮಾತ್ರ ನಿಶ್ಚಿಂತೆಯಿಂದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು.

ಮನೆಗೆ ಬಂದು ನೋಡಿದರೆ ಡಬ್ಬಿಗಳು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಎರಡು ದಿನ ಅವಳು ಅವುಗಳ ಸುತ್ತ ಸುಮ್ಮನೆ ಓಡಾಡಿದಳು. ಗುರುವಾರ ಕಡಲೆಬೇಳೆ ಬೆಲ್ಲ ತರಲು ಹೇಳಿದಳು. ಶನಿವಾರ ಮಧ್ಯಾಹ್ನ ಮನೆಯೆಲ್ಲ ಹೋಳಿಗೆಯ ವಾಸನೆ. ಇಷ್ಟೊಂದು ಯಾರಿಗೆ ಎಂದೆ.

"ಅಷ್ಟ ಮಂದಿ ತುಂಬಿ ಕೊಟ್ಟಾರ, ಉಂಡ ಸುಮ್ಮ ಕುಂಡ್ರೂದೇನ್ರಿ?" ಎಂದಳು. ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ಚೀಲ ಭಾರ ಐತಿ. ಹಿಡೀರಿ."

ಮೇಲ್ವಿಚಾರಕರು ಮುಂದಿನ ಕುರ್ಚಿಯಲ್ಲಿದ್ದರು. ನನ್ನ ಹೆಂಡತಿ ಹಿಂದೆ ಆಯಿಯ ಪಕ್ಕ ಕೂತಳು. ಹಾಡು ಶುರುವಾದಾಗ ಅವಳ ತುಟಿಗಳು ಮಾತ್ರ ಆಡುತ್ತಿದ್ದವು. ಆಯಿ ಮೊಣಕೈಯಿಂದ ತಿವಿದಳು. "ಮನ್ಯಾಗ ಹಾಡಿಧಂಗ ಹಾಡ ಯವ್ವಾ. ಗ್ವಾಡಿ ಆಚಿ ಕುಂತ ದಿನಾ ಕೇಳತೇನಿ. ಅದನ್ನ ಕೇಳಿದ ಮ್ಯಾಲ ನನಗ ಚಾ ಇಳೀತದ."

ಅವಳು ಹಾಡಿದಳು. ತಬಲಾದವನು ಒಂದು ಕ್ಷಣ ದಾರಿ ತಪ್ಪಿದ. ಮೇಲ್ವಿಚಾರಕರು ಪುಸ್ತಕದಿಂದ ತಲೆ ಎತ್ತಿದರು. ಅಷ್ಟರಲ್ಲಿ ಅವಳಿಗಿಂತ ಕೆಟ್ಟದಾಗಿ ಹಾಡುವ ಲೈನ್‌ಮನ್‌ಗೆ ಧೈರ್ಯ ಬಂದು ಅವನೂ ದನಿ ಎತ್ತಿದ. ಕೆಳಗೆ ಅಂಗಡಿಯ ಸಾಹುಕಾರರು ಹೊರಗೆ ಬಂದು ಮೇಲೆ ನೋಡಿದರಂತೆ. ನನ್ನ ಕಿವಿ ಬಿಸಿಯಾದದ್ದು ನಿಜ. ಆದರೆ ಮೂರು ವರ್ಷದ ಮೇಲೆ ಆ ದನಿಯನ್ನು ನಾಲ್ಕು ಜನರ ನಡುವೆ ಕೇಳುತ್ತ ಕನ್ನಡಕ ಒರೆಸುವ ನೆಪ ಮಾಡಿಕೊಂಡೆ.

ಊಟದ ಹೊತ್ತಿಗೆ ಮೇಲ್ವಿಚಾರಕರು ನನ್ನ ಕಡೆ ತಿರುಗಿ, "ಮಾಸ್ತರೇ, ಸಭೆಯ ಉದ್ದೇಶ ಏನೆಂದು ನಿಮ್ಮ ಜನರಿಗೆ ಗೊತ್ತಿದೆಯೇ?" ಎಂದರು. ಇದಕ್ಕೇ ಕಾದಿದ್ದೆ. ಜೇಬಿನಿಂದ ಐದು ಪುಟ ತೆಗೆದು ಕೆಮ್ಮಿದೆ. ಅಷ್ಟರಲ್ಲಿ ಆಯಿ ತೆವಳುತ್ತ ಬಂದು ಅವರ ಕೈಯಲ್ಲಿ ಒಂದು ಡಬ್ಬಿ ಇಟ್ಟಳು. "ಹೋಳಗಿ ಅದಾವ್ರಿ, ಮನ್ಯಾಗ ಅಕ್ಕಾರಿಗೆ ಕೊಡ್ರಿ. ಡಬ್ಬಿ ಮಂದೀದು, ಮರೀದ ತಂದ ಕೊಡ್ರಿ."

"ತಳದಾಗ ಹೆಸರು ಐತ್ರಿ" ಎಂದಳು ನನ್ನ ಹೆಂಡತಿ ಹಿಂದಿನಿಂದ.

ಅವರು ಡಬ್ಬಿ ತಿರುಗಿಸಿ ನೋಡಿದರು. ಅವರೂ ಇದೇ ಸೀಮೆಯವರು, ತಾವು ಸಿಕ್ಕಿಬಿದ್ದದ್ದು ಅರ್ಥವಾಗಿ ನಗತೊಡಗಿದರು. ಪಾಸ್ಟರಿಗೆ, "ಖೋಲಿ ಬಿಡಬೇಡಿ. ನಾನು ಇದನ್ನು ತಂದು ಕೊಡಬೇಕಲ್ಲ" ಎಂದರು. ನನ್ನ ಐದು ಪುಟ ಜೇಬಿಗೆ ಮರಳಿತು. ಆಯಿ ಸೆರಗಿನಿಂದ ಕಣ್ಣು ಒತ್ತಿಕೊಂಡು, ಹನ್ನೊಂದು ಮೆಟ್ಟಿಲನ್ನು ನನ್ನ ಹೆಂಡತಿಯ ಹೆಗಲು ಹಿಡಿದು ಇಳಿದಳು. ಅವತ್ತು ಎರಡೇ ಕಡೆ ನಿಂತಳು.

ಆಯಿಯನ್ನು ಬಿಟ್ಟು ನಮ್ಮ ಬಾಗಿಲು ತೆಗೆಯುವಾಗ ಹೆಂಡತಿ ಹೇಳಿದಳು: "ಅವತ್ತ ಬಾಯಿ ಅಷ್ಟ ಆಡಸು ಅಂದವ್ರ ಮ್ಯಾಲ ನನಗ ಸಿಟ್ಟಿಲ್ಲ. ನಕ್ಕ ಮಂದಿ ಮ್ಯಾಲೂ ಇಲ್ಲ. ನೀವು ಎಲ್ಲಾರಕಿಂತ ಜೋರ ನಕ್ಕಿದ್ರಿ."

ಮೇಲೆ 'ಕೋಣೆಯೆಲ್ಲ ನಕ್ಕಿತು' ಎಂದು ಬರೆದೆನಲ್ಲ, ಆ ಮಾತಿನೊಳಗೆ ನನ್ನನ್ನು ಬಚ್ಚಿಟ್ಟಿದ್ದೆ. ಸಿಕ್ಕ ಸಿಕ್ಕವರಿಗೆಲ್ಲ ಶಾಲು ಹೊದಿಸುತ್ತ ತಿರುಗಿದವನು ಮೂರು ವರ್ಷ ಮನೆಯಲ್ಲಿದ್ದವಳನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು.

"ತಪ್ಪಾತು" ಎಂದೆ, ಮೈಕಿಲ್ಲದೆ.

ಅವಳು ಚೀಲ ಇಸಿದುಕೊಂಡು ಒಳಗಿನ ಡಬ್ಬಿಗಳನ್ನು ಅಲುಗಾಡಿಸಿ ನೋಡಿದಳು. "ಬರೀ ಬಾಯಿ ಮಾತೇನ್ರಿ?" ಎಂದಳು.

ಈಗ ಪ್ರತಿ ಶನಿವಾರ ಶೇಂಗಾ ಹುರಿದು ಸಿಪ್ಪೆ ತೆಗೆಯುವ ಕೆಲಸ ನನ್ನದು. ಅವಳು ಪಕ್ಕದಲ್ಲಿ ರೊಟ್ಟಿ ಬಡಿಯುತ್ತ ಹಾಡುತ್ತಾಳೆ, ಗೋಡೆಯಾಚೆ ಆಯಿ ಚಾ ಕುಡಿಯುತ್ತಾಳೆ.