ಡಬ್ಬಿಗೊಂದು ಚಮಚ

ಗ್ಯಾಸ್ ಸಿಲಿಂಡರ್ ಬದಲಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವವಳು ನಾನು. ನಲ್ಲಿ ನೀರು ಬಂದ ಹೊತ್ತು, ಚಪ್ಪಲಿ ಕೊಂಡ ತಿಂಗಳು, ಎಲ್ಲಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಜಾಗವಿದೆ. ಇಂಥ ನಾನೇ, ಲ್ಯಾಪ್‌ಟಾಪಿನಲ್ಲಿ ಯಾವ ಪ್ಯಾಕೇಜಿನ ಯಾವ ವರ್ಷನ್, ಅಂದರೆ ಎಷ್ಟನೇ ಆವೃತ್ತಿ, ಇತ್ತೆಂದು ಎಲ್ಲೂ ಬರೆದಿಟ್ಟಿರಲಿಲ್ಲ ಎಂದರೆ ನೀವು ನಂಬಬೇಕು.

ಚನ್ನಗಿರಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಪ್ಯಾಕೇಜ್ ಎಂದರೆ ಬೇರೆ ಯಾರೋ ಬರೆದಿಟ್ಟ, ನಾವು ಎರವಲು ತಂದುಕೊಳ್ಳುವ ಸಿದ್ಧ ಸಾಮಾನು. ಪ್ರತಿ ಪ್ರೋಗ್ರಾಮಿನ ಸಾಮಾನನ್ನೂ ಅದರದೇ ಕೋಣೆಯಲ್ಲಿಡಬೇಕು. ಆ ಕೋಣೆಯ ಹೆಸರು ವರ್ಚುವಲ್ ಎನ್ವಿರಾನ್‌ಮೆಂಟ್. ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ನನ್ನದೆಲ್ಲ ಒಂದೇ ಚೀಲ.

ಆ ಚೀಲದಲ್ಲಿ ಪಕ್ಕದ ಮನೆಯ ಗಿರಿಜಕ್ಕನ ಪ್ರೋಗ್ರಾಮೂ ಇತ್ತು. ಗಿರಿಜಕ್ಕ ನಿವೃತ್ತ ಟೀಚರ್. ಸಕ್ಕರೆ ಕಾಯಿಲೆಯಿಂದ ಎರಡು ವರ್ಷದ ಹಿಂದೆ ಕಣ್ಣು ಹೋಯಿತು. ಅಂದಿನಿಂದ ಯಾರು ಭಾಷಣಕ್ಕೆ ಕರೆದರೂ ಒಲ್ಲೆ ಎನ್ನುತ್ತಿದ್ದವರು, ಈ ಸಲ ಬಸವಾಪಟ್ಟಣದ ಹೆಂಗಸರ ಸಂಘವೊಂದಕ್ಕೆ ಹೂಂ ಅಂದಿದ್ದರು. ಭಾನುವಾರ ಭಾಷಣ. ಅವರು ಹೇಳಿದ್ದನ್ನು ನಾನು ಟೈಪ್ ಮಾಡಿದ್ದೆ. ನನ್ನ ಪ್ರೋಗ್ರಾಮ್ ಅದನ್ನು ಗಟ್ಟಿಯಾಗಿ ಓದುತ್ತಿತ್ತು, ಅವರು ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದರು. ನಾನೇ ಓದುತ್ತೇನೆಂದರೆ, "ಒಂದೇ ಸಾಲು ಹತ್ತು ಸಲ ಓದಿಸಿ ನಿನ್ನ ಗಂಟಲು ಹರೀಲೇನು" ಎಂದು ಒಪ್ಪಿರಲಿಲ್ಲ.

ಗುರುವಾರ, ಪ್ರಾಕ್ಟಿಕಲ್ ಪರೀಕ್ಷೆಯ ಬ್ಯಾಚ್ ಪಟ್ಟಿ ಮಾಡುವ ಇನ್ನೊಂದು ಪ್ರೋಗ್ರಾಮಿಗಾಗಿ, ಎರಡೂ ಬಳಸುತ್ತಿದ್ದ ಒಂದು ಪ್ಯಾಕೇಜಿನ ಹೊಸ ವರ್ಷನ್ ಹಾಕಿದೆ. ಪಟ್ಟಿಯೇನೋ ಬಂತು. ಸಂಜೆ ಗಿರಿಜಕ್ಕನ ಮುಂದೆ ಲ್ಯಾಪ್‌ಟಾಪ್ ಇಟ್ಟರೆ ದನಿಯಿಲ್ಲ. ತೆರೆಯ ಮೇಲೆ ತಪ್ಪಾಗಿದೆಯೆಂದು ಹೇಳುವ ಕೆಂಪು ಅಕ್ಷರದ ಇಪ್ಪತ್ತು ಸಾಲು.

ಪ್ಯಾಕೇಜುಗಳ ನಂಟಸ್ತಿಕೆ ನಮ್ಮ ಮದುವೆ ಮನೆಯಂಥದ್ದೇ. ಒಬ್ಬರನ್ನು ಕರೆದರೆ ಅವರ ಮಾವನನ್ನೂ ಕರೆಯಬೇಕು; ಮಾವ ಬಂದರೆ ಷಡ್ಡಕ ಅದೇ ಪಂಕ್ತಿಯಲ್ಲಿ ಕೂರುವುದಿಲ್ಲ. ಹಳೆಯ ವರ್ಷನ್ನನ್ನೇ ಮತ್ತೆ ಹಾಕೋಣವೆಂದರೆ, ಯಾವ ಹಳೆಯದು? ಅಂದಾಜಿನ ಮೇಲೆ ಒಂದನ್ನು ಹಾಕಿದೆ, ಬೇರೆ ಎರಡು ಮುನಿಸಿಕೊಂಡವು. ಶುಕ್ರವಾರವಿಡೀ ಇದೇ ಪಾಡು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಸಂಜೆ ಅವರ ಮನೆಗೆ ಹೋದರೆ ಗಿರಿಜಕ್ಕ ಕೇಳಿದರು: "ಏನವ್ವಾ ಸುಧಾ, ನಿನ್ನ ಪೆಟ್ಟಿಗೆ ಸಿಟ್ಟು ಇನ್ನೂ ಇಳಿಲಿಲ್ಲೇನು?"

"ಇಲ್ಲ ಅಕ್ಕಾ. ಹೆಂಗಾದ್ರೂ ಸರಿ ಮಾಡ್ತೀನಿ."

"ಆಗದಿದ್ರೆ ಬಿಡು. ನಾಳೆ ಸಂಜೆ ಫೋನ್ ಮಾಡಿ, ಬರಾಕೆ ಆಗಲ್ಲ ಅಂತ ಹೇಳಿಬಿಡ್ತೀನಿ."

ಅವರು ಅಷ್ಟು ಹಗುರಾಗಿ ಹೇಳಿದ್ದನ್ನು ಕೇಳಿ ನನಗೆ ಕೂರಲಾಗಲಿಲ್ಲ. ಏನೋ ಒಂದು ಕೆಲಸವಿರಲೆಂದು ಅವರ ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟೆ. ನನ್ನ ಲೋಟಕ್ಕೆ ಸಕ್ಕರೆ ಹಾಕಿದ ಚಮಚವನ್ನೇ ಚಾಪುಡಿಗೂ ಒಯ್ಯುತ್ತಿದ್ದೆ.

"ಏಯ್! ಚಾಪುಡಿಗೆ ಅದರದೇ ಚಮಚ ಐತೆ. ಡಬ್ಬಿಗೇ ದಾರ ಕಟ್ಟೀನಿ ನೋಡು."

ಸಕ್ಕರೆ ಡಬ್ಬಿಯ ದಾರ ಜಗ್ಗಿದ ಸದ್ದಿಗೇ ಅವರಿಗೆ ತಿಳಿದಿತ್ತು. "ಒಂದು ಚಮಚ ಆಚೀಚೆ ಆದ್ರೆ ನನಗೆ ಇಡೀ ಅಡುಗೆಮನೇನೇ ಹೋದಂಗೆ. ಇದೆಲ್ಲ ನಿಮ್ಮ ಕಾಲೇಜಲ್ಲಿ ಕಲಿಸಲ್ಲೇನು?"

ಕಲಿಸುತ್ತೇವೆ ಅಕ್ಕಾ, ಕೆಳಗೆ ಎರಡು ಗೆರೆ ಎಳೆದು ಕಲಿಸುತ್ತೇವೆ. ಮನಸ್ಸಿನಲ್ಲೇ ಅಂದುಕೊಂಡು ಚಾಪುಡಿಯ ಚಮಚ ಹಿಡಿದೆ.

ಶನಿವಾರ ಬೆಳಿಗ್ಗೆ ನೆನಪಾಯಿತು: ಈ ಪ್ರೋಗ್ರಾಮನ್ನು ಮೊದಲು ಓಡಿಸಿ ನೋಡಿದ್ದು ಕಾಲೇಜಿನ ಲ್ಯಾಬಿನ ಮೂಲೆಯ ಕಂಪ್ಯೂಟರಿನಲ್ಲಿ. ಆಮೇಲೆ ಅದಕ್ಕೆ ತಿಂಗಳುಗಟ್ಟಲೆ ನೆಟ್ ಇಲ್ಲವೆಂದು ನಾನೇ ಎಷ್ಟೋ ಸಲ ಗೊಣಗಿದ್ದೆ. ನೆಟ್ ಇಲ್ಲದ್ದರಿಂದ ಅದರೊಳಗೆ ಏನೂ ಬದಲಾಗಿರಲಿಲ್ಲ! ಲ್ಯಾಬಿಗೆ ಹೋಗಿ ಎಲ್ಲ ವರ್ಷನ್ನುಗಳ ಪಟ್ಟಿ ತೆಗೆದು, ಪೆನ್ ಡ್ರೈವಿಗೂ ಹಾಕಿಕೊಂಡು, ನೋಟ್‌ಬುಕ್ಕಿನಲ್ಲೂ ಬರೆದುಕೊಂಡು ಮನೆಗೆ ಓಡಿದೆ. ಗಿರಿಜಕ್ಕನಿಗೊಂದು ಕೋಣೆ, ಬ್ಯಾಚ್ ಪಟ್ಟಿಗೊಂದು ಕೋಣೆ ಕಟ್ಟಿದೆ. ಮಧ್ಯಾಹ್ನ "ಸಭೆಗೆ ನಮಸ್ಕಾರ" ಎಂದು ಲ್ಯಾಪ್‌ಟಾಪ್ ಬಾಯಿ ತೆರೆಯಿತು. ಫೋನ್ ಮಾಡುವ ಮಾತು ಮತ್ತೆ ಬರಲಿಲ್ಲ.

ಭಾನುವಾರ ನಾನು ಮೂರನೇ ಸಾಲಿನಲ್ಲಿ ಕೂತು ಅವರ ಪ್ರತಿ ವಾಕ್ಯಕ್ಕೂ ಉಸಿರು ಹಿಡಿದೆ. ಭಾಷಣದ ಅರ್ಧದಲ್ಲಿ ಗಿರಿಜಕ್ಕ ಸಾಲು ಮರೆತು ನಿಂತುಬಿಟ್ಟರು. ಅವರು ನಕ್ಕರು. "ಕಣ್ಣಿದ್ದಾಗ ಚೀಟಿ ನೋಡ್ಕೊಂಡು ತಪ್ತಿದ್ದೆ, ಈಗ ನೋಡದೇ ತಪ್ತೀನಿ. ಅಷ್ಟೇ ಫರಕು" ಎಂದರು. ಸಭೆಯೆಲ್ಲ ನಕ್ಕಿತು, ಅಷ್ಟರಲ್ಲಿ ಅವರಿಗೆ ಮುಂದಿನ ಸಾಲು ಸಿಕ್ಕಿತ್ತು.

ಬಸ್ಸಿನಲ್ಲಿ ಕೇಳಿದೆ: "ಅಕ್ಕಾ, ಆ ಮಾತು ನಾನು ಟೈಪ್ ಮಾಡಿದ್ರಲ್ಲಿ ಇರಲಿಲ್ಲವಲ್ಲ?"

"ಅದು ಬೇರೆ ಡಬ್ಬೀಲಿತ್ತು ಕಣೆ."

ಮನೆಗೆ ಬಂದು ತೆರೆದರೆ ಲ್ಯಾಪ್‌ಟಾಪ್ ಎಂದಿನಂತೆ, ಹೊಸ ವರ್ಷನ್ ಬಂದಿದೆ, ಹಾಕಲೇ ಎಂದು ಕೇಳುತ್ತಿತ್ತು. ಅದಕ್ಕೆ ಉತ್ತರ ಕೊಡುವ ಮೊದಲು ನೋಟ್‌ಬುಕ್ ಎಲ್ಲಿದೆಯೆಂದು ಹುಡುಕಿದೆ.