ಅಂಗೈ ಅಗಲದ ಆಂಪ್ಲಿಫೈಯರ್

ಅಗ್ಗವಾಗಿ ಸಿಗುವ ಯಾವ ವಸ್ತುವನ್ನೂ ನಾನು ನಂಬುವವನಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ನಮ್ಮ ಮನೆಯಲ್ಲಿ ಯಾರಾದರೂ ನಿಷ್ಠೆಯಿಂದ ಪಾಲಿಸಿದ್ದರೆ ಅದು ನಾನೇ. ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಮನೆಯ ಬಾಗಿಲಿಗೆ ಆ ಆಂಪ್ಲಿಫೈಯರ್ ಬಂದ ದಿನ, ಬಿಚ್ಚುವ ಮೊದಲೇ ಕೈಯಲ್ಲಿ ತೂಗಿ ನೋಡಿದೆ. ಒಳಗೆ ಏನೂ ಇಲ್ಲವೇನೋ ಎನಿಸಿತು. ಬಿಚ್ಚಿದರೆ ಅಂಗೈ ಅಗಲದ ಕಪ್ಪು ಡಬ್ಬಿ, ಮುಂದೆ ತಿರುಗಿಸಲು ಒಂದು ಗುಂಡಿ. ಅದಕ್ಕೆ ಕರೆಂಟು ಕೊಡುವ ಅಡಾಪ್ಟರೇ ಅದಕ್ಕಿಂತ ಭಾರ. ಸ್ಪೀಕರಿನ ದಪ್ಪ ವೈರು ಸಿಕ್ಕಿಸಿದರೆ ವೈರು ಎಳೆದ ಕಡೆಗೆ ಡಬ್ಬಿಯೇ ಜಾರುತ್ತಿತ್ತು. ಮೈಸೂರಿನಲ್ಲಿ ನಾನು ನೋಡಿ ಬೆಳೆದ ಆಂಪ್ಲಿಫೈಯರನ್ನು ಎತ್ತಲು ಇಬ್ಬರು ಬೇಕಿತ್ತು, ಹಾಡು ನಡೆಯುತ್ತಿದ್ದರೆ ಅದರ ನೆತ್ತಿ ಬಿಸಿಯಾಗುತ್ತಿತ್ತು. ಇದು ಬಿಸಿಯೂ ಆಗಲಿಲ್ಲ. ಇಂಟರ್ನೆಟ್ಟಿನಲ್ಲಿ ಮಾತ್ರ ಕಂಡವರೆಲ್ಲ ಇದನ್ನು ಹಾಡಿ ಹೊಗಳಿದ್ದರು. ಅಷ್ಟು ಜನ ಒಂದೇ ಮಾತು ಹೇಳುತ್ತಿದ್ದಾರೆಂದರೆ ಯಾರೋ ನಮ್ಮ ಕಿವಿಯ ಮೇಲೆ ಹೂವು ಇಡುತ್ತಿದ್ದಾರೆ ಎಂದೇ ನನ್ನ ಲೆಕ್ಕ.

ತರಿಸಿದ್ದು ನನ್ನ ಹೆಂಡತಿ. ವೀಸಾದ ದೆಸೆಯಿಂದ ಅವಳು ಇಲ್ಲಿ ಕೆಲಸಕ್ಕೆ ಹೋಗುವಂತಿಲ್ಲ. ಭಾನುವಾರ ಬೆಳಿಗ್ಗೆ ಷಾರ್ಲೆಟ್, ಅಟ್ಲಾಂಟಾ ಕಡೆಯ ನಮ್ಮವರ ಮಕ್ಕಳಿಗೆ ವಿಡಿಯೊ ಕಾಲ್‌ನಲ್ಲಿ ಸಂಗೀತ ಹೇಳಿಕೊಡುತ್ತಾಳೆ, ಸಂಬಳವಿಲ್ಲದೆ. ಕೋವಿಡ್ ಕಾಲದಲ್ಲಿ ಶುರುವಾದದ್ದು ಆಮೇಲೂ ನಿಲ್ಲಲಿಲ್ಲ. ಯಾವ ಮಗುವಾದರೂ ಪಂಚಮದಲ್ಲಿ ಕೂದಲೆಳೆಯಷ್ಟು ಜಾರಿದರೂ ಹಿಡಿದು ನಿಲ್ಲಿಸುತ್ತಾಳೆ. ಅವಳ ಕ್ಲಾಸು ನಿಂತಿರುವುದೇ ಆ ಕಿವಿಯ ಮೇಲೆ, ಅವಳು ಈ ದೇಶದಲ್ಲಿ ಸಂತೋಷವಾಗಿರುವುದು ಆ ಕ್ಲಾಸಿನಿಂದ. ಲ್ಯಾಪ್‌ಟಾಪಿನ ಸದ್ದಿನಲ್ಲಿ ಮಕ್ಕಳ ಶ್ರುತಿ ಸರಿಯಾಗಿ ಸಿಗುತ್ತಿಲ್ಲ, ಎರಡು ನೆಟ್ಟಗಿನ ಸ್ಪೀಕರ್, ಅವನ್ನು ನುಡಿಸಲು ಒಂದು ಆಂಪ್ಲಿಫೈಯರ್ ಬೇಕು ಎಂದು ಅವಳೇ ಹುಡುಕಿ ಕೊಂಡಿದ್ದಳು.

ಮೊದಲ ಸಂಜೆ ತಂಬೂರಿಯ ನಾದ ಹಾಕಿದೆವು. ಸ್ವಲ್ಪ ಹೊತ್ತು ಕೇಳಿ ಅವಳು, “ಎಡಗಡೆ ಯಾಕೋ ಮಂಕು ರೀ,” ಎಂದಳು.

ನನಗೆ ಎರಡೂ ಕಡೆ ಒಂದೇ ಸಮ ಕೇಳಿಸುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ನನ್ನ ಕಿವಿಗೆ ಕವಡೆ ಕಾಸಿನ ಬೆಲೆಯಿಲ್ಲ. ಕುಕ್ಕರ್ ಸೀಟಿಯೊಂದನ್ನು ಬಿಟ್ಟರೆ ನನಗೆ ಯಾವ ಶ್ರುತಿಯೂ ಗೊತ್ತಾಗದು ಎಂದು ಬಂದವರೆದುರಿಗೆಲ್ಲ ಅವಳು ಹೇಳಿದ್ದಾಳೆ, ನಾನೂ ಒಪ್ಪಿದ್ದೇನೆ. ಅವಳು ಮಂಕು ಎಂದರೆ ಮಂಕೇ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಕಳ್ಳ ಮೊದಲ ದಿನವೇ ಸಿಕ್ಕಿಬಿದ್ದಿದ್ದ. ಡಬ್ಬಿಯನ್ನು ವಾಪಸು ಕಳಿಸಿ ಇನ್ನೊಂದು ತರಿಸಿದೆ. ಅದೂ ಎಡಗಡೆ ಮಂಕು. ಹಾಗಾದರೆ ಆ ಕಂಪನಿಯ ಮಾಲೇ ಹೀಗೆ ಎಂದು ತೀರ್ಮಾನಿಸಿ, ಗೈದರ್ಸ್‌ಬರ್ಗ್‌ನಲ್ಲಿರುವ ಧಾರವಾಡ ಕಡೆಯ ಗೆಳೆಯನಿಗೆ ಫೋನ್ ಮಾಡಿ ಬೈದೆ. ಅವನು ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡ.

“ಹಿಂದ ಎಡದ ವೈರು ಬಲಕ್ಕ ಹಾಕ್ರಿ, ಬಲದ್ದು ಎಡಕ್ಕ,” ಎಂದ. “ಮಂಕು ಬಲಕ್ಕ ಬಂತಂದ್ರ ಡಬ್ಬಿದು ತಪ್ಪು. ಅಲ್ಲೇ ಉಳೀತಂದ್ರ ಡಬ್ಬಿ ಬಿಟ್ಟು ಬ್ಯಾರೆ ಕಡೆ ನೋಡ್ರಿ.”

ವೈರು ಅದಲುಬದಲು ಮಾಡಿದೆ. ಮಂಕು ಎಡಗಡೆಯೇ ಉಳಿಯಿತು. ಡಬ್ಬಿ ನಿರಪರಾಧಿ ಎಂದು ಒಪ್ಪಲು ನನಗೆ ಬೇಸರವಾಯಿತು, ಆದರೂ ಅನುಮಾನವನ್ನು ಸ್ಪೀಕರಿನ ಮೇಲೆ ಹಾಕಿದೆ. ಸ್ಪೀಕರುಗಳ ಜಾಗ ಬದಲಾಯಿಸಿದರೂ ಮಂಕು ಎಡಕ್ಕೇ. ಆಗ ಸಂಶಯ ಕೋಣೆಯ ಮೇಲೆ ಹೋಯಿತು. ಬಲಗಡೆ ಗೋಡೆ, ಎಡಗಡೆ ಅಡುಗೆಮನೆಗೆ ತೆರೆದ ಜಾಗ. ಸದ್ದೆಲ್ಲ ಅಡುಗೆಮನೆಗೆ ಸೋರಿ ಹೋಗುತ್ತಿದೆ ಎಂದು ಅವಳಿಗೆ ವಿವರಿಸಿದೆ. ಅದನ್ನು ಸಾಧಿಸಿ ತೋರಿಸಲು ಅವಳು ಕುಳಿತ ಕುರ್ಚಿಯನ್ನೇ ಹಿಂದುಮುಂದಾಗಿ ತಿರುಗಿಸಿದೆ. ಈಗ ಅಡುಗೆಮನೆ ಅವಳ ಬಲಕ್ಕೆ ಬಂತು. ತಂಬೂರಿ ಹಾಕಿ, ಈಗ ಬಲಗಡೆ ತಾನೇ ಮಂಕು ಎಂದು ಗೆದ್ದವನ ದನಿಯಲ್ಲಿ ಕೇಳಿದೆ.

ಅವಳು ಬಲಗಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು, ಆಮೇಲೆ ಬೆರಳು ತೆಗೆದಳು.

“ಈಗ್ಲೂ ಎಡಗಡೆನೇ ರೀ.”

ವೈರು, ಸ್ಪೀಕರು, ಕೋಣೆ ಎಲ್ಲವೂ ತಿರುಗಿದ್ದವು. ಮಂಕು ಮಾತ್ರ ಅವಳ ಜೊತೆಗೇ ತಿರುಗಿತ್ತು. ಹೋಗಿ ಡಬ್ಬಿಯನ್ನು ಆಫ್ ಮಾಡಿದೆ.

ಷಾರ್ಲೆಟ್‌ನ ಬ್ಯಾಲಂಟೈನ್ ಬಡಾವಣೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿಸಿ, ಎಡಗಿವಿ ಬಹಳ ಕುಂದಿದೆ, ಹೋದದ್ದು ಮರಳಿ ಬರುವುದು ಕಷ್ಟ, ಬಲಗಿವಿ ಚೆನ್ನಾಗಿದೆ ಎಂದರು. ಎಂದಿನಿಂದ ಹೀಗೆ ಎಂದು ಕೇಳಿದಾಗ ಅವಳು ಹೇಳಿದ್ದು ಹೋದ ಚಳಿಗಾಲದಿಂದ ಎಂದು. ಡಬ್ಬಿ ನಮ್ಮ ಮನೆಗೆ ಬಂದದ್ದು ಬೇಸಿಗೆಯಲ್ಲಿ. ಪ್ರಪಂಚವನ್ನೆಲ್ಲ ಅನುಮಾನಿಸುವ ನಾನು ಪಕ್ಕದಲ್ಲಿದ್ದವಳನ್ನು ಆಗಷ್ಟೇ ಸರಿಯಾಗಿ ನೋಡಿದೆ.

ಕಾರಿನಲ್ಲಿ ಕೂತ ಮೇಲೆ ಅವಳೇ ಶುರು ಮಾಡಿದಳು.

“ಲ್ಯಾಪ್‌ಟಾಪ್‌ದೇ ಪ್ರಾಬ್ಲಮ್ ಇರ್ಬೇಕು ಅಂತ ಆ ಡಬ್ಬಿ ತರಿಸ್ದೆ. ಬಂದ್ಮೇಲೂ ಹಾಗೇ ಕೇಳಿಸ್ತು. ನೀವು ಡಬ್ಬಿನೇ ಕೆಟ್ಟಿದೆ ಅಂದಾಗ ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ. ಎರಡನೇದು ಬಂದ ದಿನ ದೇವರಿಗೆ ದೀಪ ಹಚ್ಚಿ, ಇದೂ ಕೆಟ್ಟಿರ್ಲಪ್ಪಾ ಅಂತ ಬೇಡ್ಕೊಂಡೆ.”

ನನ್ನ ಸಂಶಯದ ಬುದ್ಧಿಯನ್ನು ಅಷ್ಟು ವರ್ಷ ಎಲ್ಲರೂ ಆಡಿಕೊಂಡು ನಕ್ಕಿದ್ದರು. ಅವಳೊಬ್ಬಳು ಅದನ್ನು ಆಸರೆಯ ಹಾಗೆ ಹಿಡಿದುಕೊಂಡಿದ್ದಳು. ಕೊಡಲು ನನ್ನ ಹತ್ತಿರ ಇನ್ನೇನಿತ್ತು? ಡಾಕ್ಟರ ಮೆಷಿನ್ನೇ ಕೆಟ್ಟಿರಬಹುದು, ಅಟ್ಲಾಂಟಾದಲ್ಲಿ ಇನ್ನೊಬ್ಬರಿಗೆ ತೋರಿಸೋಣ ಎಂದೆ.

ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು. ಈ ದೇಶದಲ್ಲಿ ಗಾಡಿ ಓಡಿಸುವವನು ಎಡಗಡೆ ಕೂರುತ್ತಾನೆ, ನಾನು ಅವಳ ಎಡಕ್ಕಿದ್ದೇನೆ ಎಂಬುದು ನನಗೆ ತಡವಾಗಿ ಹೊಳೆಯಿತು. ಅವಳು ಪೂರ್ತಿ ನನ್ನ ಕಡೆ ತಿರುಗಿದಳು.

“ಏನಂದ್ರಿ? ಇಳೀರಿ, ನಾನು ಡ್ರೈವ್ ಮಾಡ್ತೀನಿ. ನೀವು ಈ ಕಡೆ ಕೂತ್ರೆ ನಂಗೆ ಕೇಳ್ಸತ್ತೆ.”

ಇಬ್ಬರೂ ಇಳಿದು ಜಾಗ ಬದಲಾಯಿಸಿಕೊಂಡೆವು. ಅವಳು ಸೀಟು ಮುಂದಕ್ಕೆ ಎಳೆದುಕೊಂಡು, ಬೆಲ್ಟ್ ಹಾಕಿಕೊಂಡು, “ಈಗ ಹೇಳಿ,” ಎಂದಳು. ಮೆಷಿನ್ನಿನ ಮಾತು ಬಾಯಿಗೆ ಬರಲಿಲ್ಲ. ಭಾನುವಾರ ಕ್ಲಾಸ್ ಇದೆಯಲ್ಲ ಎಂದು ಕೇಳಿದೆ.

“ಇದೆ,” ಎಂದು ಅವಳು ಗಾಡಿಯನ್ನು ರಿವರ್ಸ್ ತೆಗೆದಳು.