ತಾಷ್ಕೆಂಟಿನ ಸುದ್ದಿ ಬಂದ ದಿನ

ನಮ್ಮ ಸಾಲ್ಯಾಗ ಮಾಸ್ತರು, ಟೀಚರು ಕೂಡಿ ಐದು ಮಂದಿ. ಐದೂ ಮಂದಿ ಹುಟ್ಟಿದ್ದು ಜೂನ್ ಒಂದಕ್ಕ. ನಗಬ್ಯಾಡ್ರಿ. ಕುಷ್ಟಗಿ, ಯಲಬುರ್ಗಾ ಕಡೆ ನಮ್ಮ ವಯಸ್ಸಿನವರನ್ನ ಯಾರನ್ನರ ಕೇಳ್ರಿ, ಅರ್ಧಕ್ಕರ್ಧ ಊರು ಅವತ್ತ ಹುಟ್ಟೈತಿ. ಸಾಲಿಗೆ ಹಚ್ಚೂವಾಗ ಕೂಸಿನ ಕೈ ತಲಿ ಮ್ಯಾಲಿಂದ ಹಾದು ಆಚಿ ಕಿವಿ ಮುಟ್ಟಿದ್ರ ಮುಗೀತು, ಹೆಡ್‌ಮಾಸ್ತರು ಅಂದಾಜಿಲೆ ವರ್ಷ ಹಿಡದು, ಜೂನ್ ಒಂದು ಅಂತ ಬರದು ಬಿಡ್ತಿದ್ರು.

ಆದ್ರ ನನಗ ಇನ್ನೊಂದು ದಿನ ಇತ್ತು, ನಂದೇ ಅನ್ನೋವಂಥಾದ್ದು. ಜನವರಿ ಹನ್ನೊಂದು. "ಪ್ರಧಾನಿ ಹೊರದೇಶದಾಗ ತೀರಿಕೊಂಡ್ರಂತ ಗೌಡರ ಮನಿ ರೇಡಿಯೋ ಹೇಳಾಕತ್ತಿತ್ತು, ಇಲ್ಲಿ ಕೂಸು ಅತ್ತಿತು" ಅಂತ ನಮ್ಮವ್ವ ಹೇಳ್ತಿದ್ಲು. ಸಾಲ್ಯಾಗ ಪ್ರಾರ್ಥನೆ ಆದಮ್ಯಾಲೆ 'ಇತಿಹಾಸದಲ್ಲಿ ಈ ದಿನ' ಅಂತ ನಾಲ್ಕು ಸುದ್ದಿ ಹೇಳೋದು ನನ್ನ ಕೆಲಸ. ಯಾವ ರಾಜ ಸತ್ತ, ಯಾವ ಯುದ್ಧ ಸುರು ಆತು, ಅಂಥಾದ್ದು. ಜನವರಿ ಹನ್ನೊಂದು ಬಂತಂದ್ರ ತಾಷ್ಕೆಂಟಿನ ಸುದ್ದಿ ಹೇಳಿ, "ಅವತ್ತ ನಾನೂ ಹುಟ್ಟೀನಿ" ಅಂತ ಸೇರಸ್ತಿದ್ದೆ. ಹುಡುಗ್ರು ಚಪ್ಪಾಳಿ ಹೊಡೀತಿದ್ರು. ಸೊಕ್ಕು ಅಂದ್ರ ಸೊಕ್ಕ, ನನಗ ಭಾಳ ಛಲೋ ಅನಸ್ತಿತ್ತು.

ಈ ವರ್ಷ ಮೇ ಮೂವತ್ತೊಂದಕ್ಕ ನನ್ನ ನಿವೃತ್ತಿ. ಬೀಳ್ಕೊಡುಗೆಗೆ ಕಾರ್ಡು ಛಾಪಸ್ತೀವಿ ಅಂದ್ರು. "ಅದರಾಗ ಜೂನ್ ಒಂದು ಅಂತ ಹಾಕಿದ್ರ ನಾ ಬರಂಗೇ ಇಲ್ಲ ನೋಡ್ರಿ" ಅಂತ ಜಗಳಾ ತಗದೆ. ಖರೇ ದಿನ ಇರ್ಲಿ, ಹುಟ್ಟಿದ ವ್ಯಾಳ್ಯಾನೂ ಇರ್ಲಿ. ಅದನ್ನ ಅವ್ವನ್ನ ಕೇಳಬೇಕಂತ, ಈ ಜನವರಿ ಹನ್ನೊಂದಕ್ಕ ಪ್ರಾರ್ಥನೆ ಮುಗಿಸಿ, ಚಪ್ಪಾಳಿ ಹೊಡಿಸಿಕೊಂಡು, ರಜಾ ಬರದು ಹನುಮಸಾಗರದ ಬಸ್ಸು ಹತ್ತಿದೆ. ಅವ್ವ ಅಲ್ಲಿ ನನ್ನ ತಮ್ಮನ ಮನ್ಯಾಗ ಇರ್ತಾಳ.

"ಅತ್ತಿ ಹೊಲಕ್ಕ ಹೋಗ್ಯಾರ್ರಿ ಅಕ್ಕಾರ," ಅಂದ್ಲು ತಮ್ಮನ ಹೇಂತಿ. "ಇವತ್ತ ಹಾಲು ಹಾಕೂ ದಿನ ಅಲ್ರಿ?"

ಮರತೇ ಬಿಟ್ಟಿದ್ದೆ. ನಾ ಸಣ್ಣಾಕಿ ಇದ್ದಾಗಿಂದ್ಲೂ, ನನ್ನ ಹುಟ್ಟಿದ ದಿನ ಅವ್ವ ಒಂದ ಹೊತ್ತು ಉಂಡು, ಒಂದು ಬಟ್ಟಲ ಹಾಲು ತಗೊಂಡು ಒಬ್ಬಾಕಿನ ಹೊಲಕ್ಕ ಹೋಗಾಕಿ. ಯಾರಿಗಬೇ ಅಂದ್ರ "ನಿನ್ನ ಹೆಸರಲೇ ಹಾಕತೀನಿ" ಅಂತಿದ್ಲು. ನಾಗಪ್ಪಗ ಇರ್ಬೇಕು, ನನ್ನ ಸಲುವಾಗಿ ಹರಕಿ ಹೊತ್ತಾಳ ಅಂತ ತಿಳಕೊಂಡಿದ್ದೆ.

ಹೊಲ ಊರಿಗೆ ಹತ್ತಿಕೊಂಡೇ ಐತಿ. ಜ್ವಾಳ ನನ್ನ ತಲಿ ಮೀರಿ ಬೆಳದಿತ್ತು. ರಣರಣ ಮಧ್ಯಾಹ್ನ, ಒಂದು ಎಲಿ ಅಳ್ಳಾಡವಲ್ದು. ಹಕ್ಕಿ ಹೊಡಿಯವರ ದನಿನೂ ಇಲ್ಲ. ಅಷ್ಟರಾಗ ಜ್ವಾಳದ ಆಚಿಂದ ಯಾರೋ ನನ್ನ ಹೆಸರು ಹಿಡದು ಕರದಂಗಾತು. ಅವ್ವನ ದನಿ. ತೊಟ್ಟಲ ಕೂಸಿಗೆ ಮಾತಾಡಿದಂಗ, ಎಳದು ಎಳದು, "ಬಾರವ್ವಾ, ಕುಡಿ ಬಾ" ಅಂತ. ನಾ ಬರ್ತೀನಂತ ಆಕಿಗೆ ಗೊತ್ತೇ ಇದ್ದಿಲ್ಲ.

ಧೈರ್ಯಾ ಮಾಡಿ, ಬದುವಿನ ಮ್ಯಾಲೆ ಹೋಗಿ ಆಕಿ ಬೆನ್ನ ಹಿಂದ ನಿಂತು "ಬಂದೆ ತಡಿಯಬೇ" ಅಂದೆ.

ಅವ್ವ ಹೊಳ್ಳಿ ಸುದ್ದಾ ನೋಡಲಿಲ್ಲ. "ನಿನಗಲ್ಲ," ಅಂದ್ಲು.

ಆಕಿ ಮುಂದ ಮೂರು ಕಲ್ಲು. ಹಾಲು ಇಂಗಿ ಮಣ್ಣು ಕರ್ರಗಾಗಿತ್ತು. ಬಗ್ಗಿ ನೋಡಾಕ ಮುಂದ ಹೋದೆ, ಹುತ್ತ ಗಿತ್ತ ಏನೂ ಇಲ್ಲ. "ಆಚಿ ಸರಿ. ಆಕಿ ಮ್ಯಾಲೆ ನಿಂತಿ ನೀ," ಅಂದ್ಲು. ಎರಡು ಹೆಜ್ಜಿ ಹಿಂದಕ್ಕ ಜಿಗದೆ.

ರೇಡಿಯೋ ಹೇಳಿದ ದಿನ ಹುಟ್ಟಿದಾಕಿ ನಾ ಅಲ್ಲ. ನನ್ನಕಿಂತ ಮೊದಲಿನಾಕಿ. ಸಂಜಿ ದೀಪ ಹಚ್ಚೂದ್ರಾಗ ಹೋಗಿಬಿಟ್ಲಂತ. "ಹೆಣ್ಣು ಹುಟ್ಟಿದ್ರ ಇದೇ ಹೆಸರು ಅಂತ ಮನಿದೇವರಿಗೆ ಬೇಡಕೊಂಡಿದ್ವಿ, ಬಿಡಾಕ ಬರತಿದ್ದಿಲ್ಲ. ಮುಂದ ನೀ ಹುಟ್ಟಿದಿ, ನಿನಗ ಇಟ್ವಿ. ಸಾಲ್ಯಾಗ ಮಾಸ್ತರು ಯಾವಾಗ ಹುಟ್ಯಾಳ ಅಂದ್ರು. ನನಗ ನೆನಪಿದ್ದದ್ದು ಅದೊಂದ ದಿನ. ಹೇಳಿದೆ. ಅವರು ಜೂನ್ ಒಂದ ಬರಕೊಂಡ್ರು, ನಿನ್ನ ತಲ್ಯಾಗ ಇದ ಕುಂತಿತು."

ಅಯ್ಯ ಶಿವನ! ಇಷ್ಟು ವರ್ಷ ಸಾಲಿ ಅಂಗಳದಾಗ ನಿಂತು ನಾ ಯಾರ ದಿನ ಹೇಳಿದೆ? ಸಿಟ್ಟೂ ಬಂತು, ಅಳೂನೂ ಬಂತು. "ಒಂದು ಮಾತು ಹೇಳಬಾರದಿತ್ತನಬೇ ನನಗ?" ಅಂತ ಒದರಿದೆ.

"ಹುಡುಗ್ರು ಚಪ್ಪಾಳಿ ಹೊಡೀತಾವಂತ ನೀನ ಹೇಳ್ತಿದ್ದಿ," ಅಂದ್ಲು ಅವ್ವ. "ಹೊಡೀಲಿ ಬಿಡು, ಆಕಿಗೂ ಒಂದೀಟು ಮುಟ್ಟಲಿ ಅಂತ ಸುಮ್ಮನಿದ್ದೆ."

ಬಟ್ಟಲ ಸೆರಗಿಲೆ ಒರಸಿಕೊಂಡು ಏಳಾಕ ಕೈ ಚಾಚಿದ್ಲು. ಹಿಡದು ಎಬ್ಬಿಸಿದೆ. ಕೈ ಬಿಡಲಿಲ್ಲ ನಾ.

"ಹಂಗಾರ ನಾ ಯಾವತ್ತ ಹುಟ್ಟಿದೆ? ಅದನ್ನರ ಹೇಳು."

ಅವ್ವ ನನ್ನ ಸೀರಿಗೆ ಹತ್ತಿದ ಜ್ವಾಳದ ಎಲಿ ತಗದ್ಲು.

"ಅವತ್ತ ಯಾರೂ ಸತ್ತಿದ್ದಿಲ್ಲವ್ವಾ," ಅಂದ್ಲು. "ಹೆಂಗ ನೆನಪಿರತೈತಿ?"